ಎಲೆಮಾತಿನ ಮುನ್ನರಿಕೆ

ಉತ್ತರಾಯಣ ಸಂಕ್ರಮಣಕ್ಕೆ ಇನ್ನೂ ಕೆಲವು ದಿನಗಳಿರುವಾಗಲೇ ಸಿರಿವೊಳಲಿಗೆ ಮದುವೆಮನೆಯ ಕಳೆ ಬಂದುಬಿಡುತ್ತಿತ್ತು. ಹೊಳೆಯ ಮೇಲಿನ ಮಂಜು ಕರಗುವ ಮೊದಲೇ ಪಟ್ಟದಾನೆಗಳು ಮಾವುತರ ಬೈಗುಳ ಕೇಳುತ್ತ ಮಡುವಿನಲ್ಲಿ ಮೈ ತೊಳೆಸಿಕೊಳ್ಳುತ್ತಿದ್ದವು. ಮೂಡಣ ಹೆಬ್ಬಾಗಿಲಿನಿಂದ ಕಬ್ಬು, ಅವರೆ, ಹೊಸ ಬೆಲ್ಲ ಹೇರಿದ ಬಂಡಿಗಳು ಒಂದರ ಬೆನ್ನಿಗೊಂದು ಒಳಸರಿಯುತ್ತಿದ್ದವು. ಹೂವಾಡಗಿತ್ತಿಯರ ಬೀದಿಯ ಸೇವಂತಿಗೆಯ ಪರಿಮಳಕ್ಕೆ ಪಕ್ಕದ ಕುದುರೆಲಾಯದ ವಾಸನೆ ಬೆರೆತು, ಪರವೂರಿನವರು ಮೂಗು ಮುಚ್ಚಬೇಕೋ ಅರಳಿಸಬೇಕೋ ತಿಳಿಯದೆ ನಿಲ್ಲುತ್ತಿದ್ದರು. ಅರಮನೆಯ ಬಿಳಿಯ ಉಪ್ಪರಿಗೆಗಳಾಚೆ ಮಹಾಪ್ರಧಾನ ಬೊಪ್ಪಣಯ್ಯನವರ ಜಯಗೋಪುರ ದಿನದಿನಕ್ಕೆ ಎತ್ತರವಾಗುತ್ತಿತ್ತು. ಅದನ್ನು ಕತ್ತೆತ್ತಿ ನೋಡಿ ಬೆರಗಾಗದವರಿಲ್ಲ. ಅಷ್ಟು ಕಲ್ಲನ್ನು ಅಷ್ಟು ಬೇಗ ಕಡಿಯುತ್ತಿರುವವರು ಯಾರು ಎಂದು ಕೇಳಿದವರು ಮಾತ್ರ ಇರಲಿಲ್ಲ. ಸಂಜೆಯಾದರೆ ಗೋಪುರದ ನೆರಳು ಊರ ನಡುವಿನ ಅನ್ನಸತ್ರದ ಮಾಡಿನವರೆಗೂ ಚಾಚುತ್ತಿತ್ತು.

ಆ ಸತ್ರವನ್ನು ನಡೆಸುತ್ತಿದ್ದುದು ಅನ್ನಸಮಯವೆಂಬ ಕೂಟ. ವರ್ತಕರು, ಗಾಣಿಗರು, ನೇಕಾರರು, ಕತ್ತಿ ಕೆಳಗಿಟ್ಟ ಮುದಿಯೋಧರು, ಹೀಗೆ ಹಲವು ಕುಲದವರು ಸೇರಿ, ಹಸಿದು ಬಂದವರಿಗೆ ಕುಲ ಕೇಳದೆ ಉಣಿಸುತ್ತೇವೆಂದು ದೀಕ್ಷೆ ತೊಟ್ಟು ಕಟ್ಟಿಕೊಂಡದ್ದು. ಅಕ್ಕಿ ಅರಸರ ಭಂಡಾರದಿಂದಲೂ ಪ್ರಧಾನರ ಕಣಜದಿಂದಲೂ ಬರುತ್ತಿತ್ತು. ಅಕ್ಕಿ ಕೊಟ್ಟವನ ಮುಂದೆ ನಾಲಗೆ ತಾನಾಗಿ ಮಡಚಿಕೊಳ್ಳುವುದೆಂದು ಸಮಯದ ಪೂರ್ವಿಕರು ಬಲ್ಲವರಾಗಿದ್ದರು. ಆದ್ದರಿಂದಲೇ ಎಲೆಮಾತು ಎಂಬ ಕಟ್ಟಳೆಯನ್ನು ಮಾಡಿಟ್ಟಿದ್ದರು. ಸಂಕ್ರಮಣದ ದಿನ ಅರಸರು ಕಿರೀಟ ಕಳಚಿಟ್ಟು, ಸತ್ರದ ಪಂಕ್ತಿಯಲ್ಲಿ ಬಡವರ ಪಕ್ಕ ನೆಲದ ಮೇಲೆ ಕುಳಿತು ಉಣ್ಣಬೇಕು. ಎಲೆಗೆ ಅನ್ನ ಬಿದ್ದ ಮೇಲೆ, ಮೊದಲ ತುತ್ತಿಗೆ ಮುನ್ನ, ರಾಜ್ಯದ ಬಲ್ಲಿದರಿಂದ ಆ ವರ್ಷ ನಡೆದ ಒಂದು ಅನ್ಯಾಯವನ್ನು ಸಮಯದವನೊಬ್ಬ ಎದ್ದು ಹೇಳಬೇಕು. ಕೇಳಿದ ಮೇಲೆಯೇ ಅರಸರು ತುತ್ತೆತ್ತಬೇಕು.

ಬಾಯಿಗೆ ಬಂದದ್ದನ್ನು ಯಾರೂ ಆಡಬಾರದೆಂದು ಕಟ್ಟಳೆಗೆ ಬೇಲಿಯನ್ನೂ ಹಾಕಿದ್ದರು. ಯಾರ ಮೇಲೆ ದೂರೋ ಅವರಿಗೆ ಮೊದಲೇ ಹೋಗಿ, ಹೀಗೆ ಹೀಗೆ ಹೇಳಲಿದ್ದೇವೆ, ಇಂಥವರು ಕಂಡಿದ್ದಾರೆ ಎಂದು ತಿಳಿಸಿ, ಅವರ ಮರುಮಾತನ್ನು ಕೇಳಿಕೊಂಡು ಬರಬೇಕು. ಇದಕ್ಕೆ ಮುನ್ನರಿಕೆಯೆಂದು ಹೆಸರು. ಇನ್ನು, ಆಡಿದ ಮಾತು ಸುಳ್ಳೆಂದು ಕಂಡರೆ, ಯಾವ ಕೇಡನ್ನು ಮತ್ತೊಬ್ಬನ ತಲೆಗೆ ಕಟ್ಟಿದನೋ ಆ ಕೇಡನ್ನು ಆಡಿದವನೇ ಅನುಭವಿಸಬೇಕು. ಅವನನ್ನು ಕರೆದೊಯ್ಯುವವರು ಅರಸರ ಸ್ವಂತ ಕಾವಲಿನವರೇ ಆಗಿರಬೇಕು, ದೂರು ಹೊತ್ತವನ ಆಳುಗಳು ದಾರಿಯಲ್ಲಿ ಹಗೆ ತೀರಿಸಿಕೊಳ್ಳಕೂಡದು. ಸಮಯದವರಿಗೆ ಈ ನ್ಯಾಯಬುದ್ಧಿಯ ಬಗ್ಗೆ ಬಹಳ ಹೆಮ್ಮೆ. ದಾನ ಮಾಡುವವರ ಹೆಮ್ಮೆ ಕಣ್ಣಿಗೆ ಕಾಣುವಂಥದ್ದಲ್ಲವಾದ್ದರಿಂದ ಅದು ಸುಲಭವಾಗಿ ಬೆಳೆಯುತ್ತದೆ. ಸಿರಿವೊಳಲಿನಲ್ಲಿ ಅದು ಚೆನ್ನಾಗಿಯೇ ಬೆಳೆದಿತ್ತು.

ಆ ವರ್ಷ ಎಲೆಮಾತಿಗೆ ಆಯ್ಕೆಯಾದವನು ರೇಚಣ. ಹಿಂದೆ ಪ್ರಧಾನರ ಪಡೆಯಲ್ಲಿ ಬಿಲ್ಲಾಳಾಗಿದ್ದವನು. ಗಡಿಯ ಕಾಳಗದಲ್ಲಿ ತೊಡೆಗೆ ಈಟಿ ನೆಟ್ಟು ಬಿದ್ದಾಗ ಸ್ವತಃ ಬೊಪ್ಪಣಯ್ಯನವರೇ ಕುದುರೆಯಿಳಿದು ಅವನನ್ನು ಹೆಗಲಿಗೆ ಹಾಕಿಕೊಂಡು ತಂದಿದ್ದರು. ಅಂದಿನಿಂದ ಅವನ ಪಾಲಿಗೆ ಅವರು ನಡೆದಾಡುವ ದೇವರು. ಕಾಲು ಕುಂಟಾದ ಮೇಲೆ ಸತ್ರಕ್ಕೆ ಬಂದು ಬಡಿಸುವ ಕೆಲಸ ಹಿಡಿದಿದ್ದ. ಕೈ ಧಾರಾಳ, ಮಾತು ಕಡಿಮೆ, ನಂಬಿಕೆ ಮಾತ್ರ ಮಿತಿಯಿಲ್ಲದ್ದು. ಅವನ ಗುಣಗಳಲ್ಲೆಲ್ಲ ನನಗೆ ಸಿಟ್ಟು ಬರಿಸುವುದು ಈ ಕಡೆಯದೇ.

ಒಂದು ಮುಂಜಾನೆ ಸತ್ರದ ಹಿತ್ತಲ ಬಾಗಿಲಿಗೆ ಬಂದು ಬಿದ್ದವಳು ಸೋವವ್ವೆ. ಗಡಿಯ ಗದ್ದಲದಲ್ಲಿ ಊರು ಸುಟ್ಟುಹೋದವರ ಪೈಕಿ ಅವಳೂ ಒಬ್ಬಳು. ಹಣೆಯ ಮೇಲೆ ಗಾಯ, ಕಾಲಿನ ಹರಡಿನ ಸುತ್ತ ಕೋಳ ಉಜ್ಜಿದ ಹುಣ್ಣು. ರೇಚಣ ಗಂಜಿ ಕೊಟ್ಟ. ಅವಳು ಬಟ್ಟಲನ್ನು ಮುಟ್ಟದೆ ಅವನನ್ನೇ ನೋಡಿದಳು.

"ಅಣ್ಣಾ, ಇಲ್ಲಿ ಉಂಡೇ ನಾವು ಕೆಟ್ಟಿದ್ದು," ಎಂದಳು.

"ಏನು ಮಾತಮ್ಮಾ ಇದು?"

"ನಾನೂ ನನ್ನ ತಮ್ಮ ಬೀರನೂ ಮಳೆಗಾಲದಲ್ಲಿ ಇದೇ ಪಂಕ್ತಿಯಲ್ಲಿ ಉಂಡೆವು. ಕೈ ತೊಳೆದು ಹೊರಗೆ ಬಂದರೆ ಬಾಗಿಲಲ್ಲಿ ಪ್ರಧಾನರ ಆಳುಗಳು. ಕೆಲಸ ಇದೆ, ಕೂಲಿ ಇದೆ, ಬನ್ನಿ ಅಂದರು. ಕೈ ಮುಗಿದು ಅವರ ಹಿಂದೆ ಹೋದೆವು. ಕರಿಗುಡ್ಡದ ಹಿಂದೆ ಕಲ್ಲುಗಣಿಯಲ್ಲಿ ಕಾಲಿಗೆ ಕೋಳ ಹಾಕಿದರು. ಅಲ್ಲಿರುವವರೆಲ್ಲ ಇಲ್ಲಿ ಉಂಡವರೇ, ಅಣ್ಣಾ. ಯಾರೂ ಹುಡುಕಿಕೊಂಡು ಬರದಂಥ ಜನ ಎಲ್ಲಿ ಸಿಗುತ್ತಾರೆ ಅಂತ ಅವರಿಗೆ ಗೊತ್ತು. ನನ್ನ ಕೋಳದ ಮೊಳೆ ಸವೆದಿತ್ತು, ಕಿತ್ತುಕೊಂಡು ಬಂದೆ. ಬೀರ ಅಲ್ಲೇ ಇದ್ದಾನೆ. ಅವನನ್ನು ಬಿಡಿಸಿಕೊಡಿ."

ಎಷ್ಟೋ ಸಾವಿರ ಎಲೆಗಳಿಗೆ ಅನ್ನ ಬಡಿಸಿದವನು ರೇಚಣ. ತಾನು ಹಸಿದವರ ಕಡೆಗೆ ಚಾಚಿದ ಸಟ್ಟುಗ ಬೇಟೆಗಾರನ ಕಾಳಾಗಿತ್ತೆಂಬುದನ್ನು ಅವನಿಂದ ಸಹಿಸಲಾಗಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, "ತಂಗೀ, ಈ ಮನೆಯೊಳಗಿರುವಷ್ಟು ದಿನ ನಿನ್ನ ಕೂದಲೂ ಕೊಂಕದು. ನಿನ್ನ ತಮ್ಮನ ಮಾತನ್ನು ಅರಸರ ಎಲೆಯ ಮುಂದೆ ನಾನು ಆಡುತ್ತೇನೆ," ಎಂದು ಮಾತು ಕೊಟ್ಟ. ಅವಳನ್ನು ಬೆಲ್ಲದ ಕೋಣೆಯಲ್ಲಿ ಅಡಗಿಸಿಟ್ಟ.

ಸಮಯದ ಹಿರಿಯರು ಚಾವಡಿಯಲ್ಲಿ ಕೂಡಿದರು. ಗಾಣಿಗರ ಕೇತಿಸೆಟ್ಟಿ ಸಿಡಿದೆದ್ದ. "ಮುನ್ನರಿಕೆಯೂ ಬೇಡ, ಮಣ್ಣೂ ಬೇಡ. ಇವತ್ತೇ ಸಂತೆಯಲ್ಲಿ ನಿಂತು ಕೂಗೋಣ. ಕಳ್ಳನಿಗೆ ಮೊದಲು ಹೇಳಿ ಆಮೇಲೆ ಬಾಗಿಲು ಹಾಕುವುದುಂಟೇ?"

ಸ್ಥಾನಪತಿ ಈಶಾನಯ್ಯನವರು ಸತ್ರದ ಯಜಮಾನರು. ಬೆಳ್ಳಿಗೂದಲು, ಬೆಣ್ಣೆಯಂಥ ಮಾತು. ರೇಚಣನನ್ನು ಸ್ವಂತ ಮಗನಂತೆ ಕಂಡವರು. ಅವರೆಂದರು: "ಸೆಟ್ಟಿಯವರೇ, ಸಂತೆಯಲ್ಲಿ ಕೂಗಿದ್ದು ಸಂತೆ ಮುಗಿದೊಡನೆ ಮುಗಿಯುತ್ತದೆ. ಬೊಪ್ಪಣಯ್ಯನವರು ಬರಗಾಲದಲ್ಲಿ ತಮ್ಮ ಕಣಜ ತೆರೆದವರು. ಅವರ ಅರಿವಿಗೆ ಬಾರದೆ ಕೆಳಗಿನವರು ನಡೆಸಿದ ಕೃತ್ಯ ಇದಾಗಿರಬಾರದೇಕೆ? ಹಗೆಯಲ್ಲಿ ಆಡಿದರೆ ನಾವೂ ಅರಮನೆಯ ಒಳಜಗಳದ ಒಂದು ಪಕ್ಷವಾಗುತ್ತೇವೆ. ನಾಳೆ ನಮ್ಮ ಮಾತಿಗೆ ಬೆಲೆಯೇ ಇರದು. ಕೃತ್ಯವನ್ನು ಹೇಳೋಣ, ವ್ಯಕ್ತಿಯನ್ನು ಹಳಿಯುವುದು ಬೇಡ. ಹಿಂದಿನಿಂದ ಬೇಡ, ಮುಖದ ಮುಂದೆ ಹೇಳೋಣ. ಅವರಿಗೂ ಉತ್ತರಿಸಲು ಎಡೆ ಕೊಡೋಣ."

ಓದುಗರೇ, ಇದರಲ್ಲಿ ತಪ್ಪು ಮಾತು ಯಾವುದು? ನಾನೂ ಎಷ್ಟೋ ಬಾರಿ ಯೋಚಿಸಿದ್ದೇನೆ, ಒಂದೂ ಸಿಕ್ಕಿಲ್ಲ. ಬೆಲ್ಲದ ಕೋಣೆಯಲ್ಲಿ ಕುಳಿತಿದ್ದವಳನ್ನು ಕರೆದು ಒಂದು ಮಾತು ಕೇಳೋಣವೆಂದು ಆ ಸಭೆಯಲ್ಲಿ ಯಾರಿಗೂ ತೋಚಲಿಲ್ಲ, ಅಷ್ಟೆ. ರೇಚಣನಿಗಂತೂ ಸ್ಥಾನಪತಿಗಳ ಮಾತು ಅಮೃತದಂತೆ ಕೇಳಿಸಿತು. ತನ್ನ ಪ್ರಾಣ ಉಳಿಸಿದ ಒಡೆಯರು ತಿಳಿದೂ ಇಂಥದ್ದನ್ನು ಮಾಡಲಾರರೆಂದು ನಂಬಲು ಅವನಿಗೆ ಒಂದು ನೆಪ ಬೇಕಾಗಿತ್ತು. ಮುನ್ನರಿಕೆಯನ್ನು ತಾನೇ ಒಯ್ಯುವೆನೆಂದು ಮುಂದೆ ಬಂದ.

ಬೊಪ್ಪಣಯ್ಯನವರು ಅವನನ್ನು ತೋಟದ ಮಂಟಪದಲ್ಲಿ ಬರಮಾಡಿಕೊಂಡರು. ಕುಂಟುಕಾಲಿಗೆ ಆಧಾರವಾಗಲೆಂದು ತಮ್ಮ ದಿಂಬನ್ನೇ ಕೊಟ್ಟರು. ರೇಚಣ ಎಲ್ಲವನ್ನೂ ಹೇಳಿ ಮುಗಿಸುವವರೆಗೂ ಒಂದೇ ಒಂದು ಅಡ್ಡಮಾತಾಡಲಿಲ್ಲ. ಆಮೇಲೆ ಅವರ ಕಣ್ಣು ತುಂಬಿತು.

"ರೇಚಣಾ, ಅಂದು ರಣದಲ್ಲಿ ನಾನು ನಿನ್ನನ್ನು ಹೊತ್ತೆ. ಇಂದು ನೀನು ನನ್ನನ್ನು ನರಕದಿಂದ ಎತ್ತಲು ಬಂದಿದ್ದೀಯೆ. ನನ್ನ ಹೆಸರಿನಲ್ಲಿ ಏನೇನು ನಡೆಯುತ್ತದೋ ಯಾರು ಬಲ್ಲರು! ಇದನ್ನು ನಾನೇ ಸರಿಪಡಿಸುತ್ತೇನೆ. ಆದರೆ ಯಾರನ್ನು ನಂಬಿ ವಿಚಾರಣೆ ಮಾಡಲಿ? ಕಣ್ಣಾರೆ ಕಂಡವರು ಬೇಕಲ್ಲ."

ಕಂಡವರನ್ನು ತಿಳಿಸುವುದು ಕಟ್ಟಳೆಯೇ ಆಗಿತ್ತು. ಆದರೂ ರೇಚಣ ಒಂದು ಕ್ಷಣ ತಡೆದ. ಎದುರಿಗೆ ಒಡೆಯರ ಒದ್ದೆ ಕಣ್ಣುಗಳಿದ್ದವು. "ಸೋವವ್ವೆಯೆಂಬ ಹೆಣ್ಣುಮಗಳು, ಪ್ರಭು. ನಮ್ಮ ಸತ್ರದಲ್ಲೇ ಇದ್ದಾಳೆ. ಅವಳ ತಮ್ಮ ಬೀರ ಇನ್ನೂ ಗಣಿಯಲ್ಲಿದ್ದಾನೆ," ಎಂದುಬಿಟ್ಟ. ಬೊಪ್ಪಣಯ್ಯನವರು ಅವನನ್ನು ಅಪ್ಪಿಕೊಂಡು ಬೀಳ್ಕೊಟ್ಟರು. ರೇಚಣ ಆ ದಿನ ದಾರಿಯುದ್ದಕ್ಕೂ ಗುನುಗುತ್ತ ಬಂದ.

ಮರುದಿನ ಮಹಾಪ್ರಧಾನರು ಆಳುಗಳನ್ನು ಹಿತ್ತಲ ಬಾಗಿಲ ಹೊರಗೇ ನಿಲ್ಲಿಸಿ, ಒಬ್ಬರೇ, ಬರಿಗಾಲಲ್ಲಿ ಸತ್ರಕ್ಕೆ ಬಂದರು. ರೇಚಣ ಹೊಳೆಯಾಚೆಯ ಊರಿಗೆ ಎಲೆ ತರಲು ಹೋಗಿದ್ದ, ಕಳಿಸಿದವರು ಈಶಾನಯ್ಯನವರೇ. ಪ್ರಧಾನರು ಸ್ಥಾನಪತಿಗಳ ಕಾಲಿಗೆರಗಿ, ಹೊಳೆದಂಡೆಯ ಹಳ್ಳಿಯೊಂದನ್ನು ಸತ್ರಕ್ಕೆ ಶಾಶ್ವತವಾಗಿ ಬಿಟ್ಟುಕೊಡುವ ಮಾತಾಡಿದರು. ಆಮೇಲೆ ಮೆತ್ತಗೆ, "ನಾನು ಬಿದ್ದರೆ ನನ್ನ ಕಣಜವೂ ಬೀಳುತ್ತದೆ, ಅಯ್ಯನವರೇ. ನನ್ನ ಜಾಗಕ್ಕೆ ಬರುವವನು ನಿಮಗೆ ಒಂದು ಹಿಡಿ ಅಕ್ಕಿ ಕೊಡುತ್ತಾನೆಯೇ? ಒಬ್ಬ ಹೆಂಗಸಿನ ಮಾತಿಗೆ ಊರಿನ ಅನ್ನ ಕಳೆದುಕೊಳ್ಳಬೇಡಿ. ಗೋಪುರ ಮುಗಿದೊಡನೆ ಎಲ್ಲರನ್ನೂ ಬಿಡುತ್ತೇನೆ," ಎಂದರು.

ಈಶಾನಯ್ಯನವರು ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತರು. ಅವರು ದುರಾಸೆಯವರಲ್ಲ. ಹಳ್ಳಿಯಿಂದ ಬರುವ ಒಂದು ಕಾಳನ್ನೂ ಸ್ವಂತಕ್ಕೆ ಮುಟ್ಟುವವರಲ್ಲ. ಇನ್ನು ಮುಂದೆ ಉಣ್ಣಲಿರುವ ಲಕ್ಷ ಬಾಯಿಗಳು ಅವರ ಕಣ್ಣ ಮುಂದೆ ಬಂದವು, ಬೆಲ್ಲದ ಕೋಣೆಯಲ್ಲಿದ್ದ ಒಂದು ಬಾಯಿ ಆ ಗುಂಪಿನಲ್ಲಿ ಕಳೆದುಹೋಯಿತು. ಕಣ್ಣು ತೆರೆದು, ತೋರುಬೆರಳೆತ್ತಿ ಬೆಲ್ಲದ ಕೋಣೆಯ ಕಡೆಗೆ ತೋರಿಸಿದರು. ಆಮೇಲೆ ಎದ್ದು ಅದರ ಬಾಗಿಲು ತೆಗೆದರು.

ಎಲೆಯ ಹೊರೆ ಹೊತ್ತು ರೇಚಣ ಹಿಂದಿರುಗಿದಾಗ ಕೋಣೆ ಬರಿದಾಗಿತ್ತು. ನೆಲದಲ್ಲಿ ಒಡೆದ ಬೆಲ್ಲದಚ್ಚು, ಬಾಗಿಲ ಚೌಕಟ್ಟಿನ ಮೇಲೆ ಉಗುರು ಗೀರಿದ ಗುರುತು. ಅಡುಗೆಯವರು ಮುಖ ತಿರುಗಿಸಿಕೊಂಡರು. ಅವನು ನೇರವಾಗಿ ಸ್ಥಾನಪತಿಗಳ ಮುಂದೆ ಹೋಗಿ ನಿಂತ.

"ಅಯ್ಯನವರೇ, ಬಾಗಿಲು ತೆಗೆದವರು ಯಾರು?"

"ಕುಳಿತುಕೋ, ಮಗನೇ."

"ಬಾಗಿಲು ತೆಗೆದವರು ಯಾರು?"

"ನಾನು ತೆಗೆಯದಿದ್ದರೆ ಅವರು ಒಡೆಯುತ್ತಿದ್ದರು. ಮಿತ್ರನಾಗಿ ಉಳಿದರೆ ನಾಳೆ ಇನ್ನೊಂದು ಮಾತು ಹೇಳಬಹುದು. ಹಗೆಯಾದರೆ ಯಾವ ಮಾತೂ ಉಳಿಯದು. ಈ ವರ್ಷ ಎಲೆಮಾತಿಲ್ಲ. ನೀನು ಎಂದಿನಂತೆ ಬಡಿಸು."

ರೇಚಣನಿಗೆ ಅಳು ಬರಲಿಲ್ಲ. ಈಟಿ ನೆಟ್ಟಾಗಲೂ ಹೀಗೆ ಆಗಿತ್ತು. ಮೊದಲು ಬರೀ ತಣ್ಣಗೆ, ಆಮೇಲೆ ನೋವು. ತಂದೆಯಂಥವರೊಬ್ಬರು, ದೇವರಂಥವರೊಬ್ಬರು, ಇಬ್ಬರೂ ಒಂದೇ ದಿನ ಅವನ ಕೈಬಿಟ್ಟಿದ್ದರು. ಅದಕ್ಕಿಂತ ಹೆಚ್ಚಾಗಿ ಅವನನ್ನು ಕೊರೆದದ್ದು ತೋಟದ ಮಂಟಪದಲ್ಲಿ ತಾನಾಡಿದ ಎರಡು ಹೆಸರುಗಳು.

ಸಂಕ್ರಮಣ ಬಂತು. ಕಂಚರಸ ಮಹಾರಾಜರು ಕಿರೀಟ ಕಳಚಿಟ್ಟು ಪಂಕ್ತಿಯಲ್ಲಿ ಕುಳಿತರು; ಅರಸರ ಬಲಕ್ಕೆ ಒಬ್ಬ ಕುರುಡ ಭಿಕ್ಷುಕ, ಎಡಕ್ಕೆ ಮಹಾಪ್ರಧಾನರು. ರೇಚಣ ಎಲ್ಲರಿಗೂ ಅನ್ನ ಬಡಿಸಿದ. ಈಶಾನಯ್ಯನವರು ಎದ್ದು ಕೈಮುಗಿದು, "ಪ್ರಭುಗಳ ಆಳ್ವಿಕೆಯಲ್ಲಿ ಈ ವರ್ಷ ಹೇಳತಕ್ಕ ಅನ್ಯಾಯ ಯಾವುದೂ ಸಮಯದ ಗಮನಕ್ಕೆ ಬಂದಿಲ್ಲ," ಎಂದರು. ಅರಸರು ಸಂತೋಷದಿಂದ ತುತ್ತಿಗೆ ಕೈ ಹಾಕಿದರು.

"ತಡೆಯಬೇಕು, ಪ್ರಭು," ಎಂದ ರೇಚಣ. "ಎಲೆಮಾತಿಗೆ ಆಯ್ಕೆಯಾದವನು ನಾನು. ಕರಿಗುಡ್ಡದ ಹಿಂದಿನ ಗಣಿಯಲ್ಲಿ ಈ ಪಂಕ್ತಿಯಲ್ಲಿ ಉಂಡ ನಿರ್ಗತಿಕರನ್ನು ಕೋಳ ತೊಡಿಸಿ ದುಡಿಸಲಾಗುತ್ತಿದೆ. ದುಡಿಸುತ್ತಿರುವವರು ಮಹಾಪ್ರಧಾನ ಬೊಪ್ಪಣಯ್ಯನವರು. ನಾನು ಅವರಿಗೆ ಮುನ್ನರಿಕೆ ಕೊಟ್ಟಿದ್ದೇನೆ."

ಅರಸರು ಕೇಳಿದರು: "ಕಂಡವರು ಯಾರು?"

"ಒಬ್ಬಳಿದ್ದಳು. ಈಗಿಲ್ಲ."

"ಸ್ಥಾನಪತಿಗಳು ಇದನ್ನು ಬಲ್ಲರೇ?"

ಈಶಾನಯ್ಯನವರು ರೇಚಣನತ್ತ ನೋಡದೆ ಮತ್ತೆ ಕೈಮುಗಿದರು. "ಇದು ಸಮಯದ ಮಾತಲ್ಲ, ಪ್ರಭು. ಪಾಪ, ಇವನಿಗೆ ಹಳೆಯ ಗಾಯದ ತಾಪ," ಎಂದರು. ಕೇತಿಸೆಟ್ಟಿಯತ್ತ ರೇಚಣ ಆಸೆಯಿಂದ ನೋಡಿದ. ಸಂತೆಯಲ್ಲಿ ಕೂಗಲು ಹೊರಟಿದ್ದ ಸೆಟ್ಟಿ ತನ್ನ ಎಲೆಯ ಮೇಲಿನ ಉಪ್ಪಿನಕಾಯಿಯನ್ನು ಪರೀಕ್ಷಿಸುತ್ತಿದ್ದ.

ಆಗ ಬೊಪ್ಪಣಯ್ಯನವರು ಎದ್ದರು. "ಮಹಾಪ್ರಭು, ಈತ ನನ್ನ ಹಳೆಯ ಯೋಧ. ಇವನನ್ನು ನಾನು ಕ್ಷಮಿಸಿದ್ದೇನೆ, ತಾವೂ ಕ್ಷಮಿಸಬೇಕು." ಪಂಕ್ತಿಯ ಜನ ಆಹಾ ಎಂದರು. ಎಂಥ ದೊಡ್ಡ ಮನಸ್ಸು ಎಂದು ಪಿಸುಗುಟ್ಟಿದರು.

"ನನಗೆ ಕ್ಷಮೆ ಬೇಡ," ಎಂದ ರೇಚಣ. "ಎಲೆಯ ಮುಂದೆ ಸುಳ್ಳಾಡಿದವನು ತಾನು ಹೊರಿಸಿದ ಕೇಡನ್ನೇ ಉಣ್ಣಬೇಕೆಂಬುದು ಕಟ್ಟಳೆ. ನನ್ನ ಕಾಲಿಗೆ ಕೋಳ ಹಾಕಿಸಿ, ಕರಿಗುಡ್ಡದ ಗಣಿಗೆ ಕಳಿಸಬೇಕು. ಒಯ್ಯುವವರು ಪ್ರಭುಗಳ ಕಾವಲಿನವರಾಗಿರಬೇಕು. ಇಷ್ಟನ್ನು ನಡೆಸಿಕೊಡಿ."

ಬೊಪ್ಪಣಯ್ಯನವರ ಮುಖದ ಬಣ್ಣ ಇಳಿಯಿತು. "ಅಲ್ಲಿಗೆ ಏಕೆ ಪ್ರಭು, ಕುಂಟ ಮನುಷ್ಯ, ಕಲ್ಲಿನ ದಾರಿ, ಇಲ್ಲೇ ಸೆರೆಮನೆಯಲ್ಲಿ..." ಎಂದು ತಡವರಿಸಿದರು. ಕಂಚರಸರು ಸ್ವಲ್ಪ ನಿಧಾನದ ಮನುಷ್ಯರೇ ಹೊರತು ದಡ್ಡರಲ್ಲ. ತಮ್ಮ ಪ್ರಧಾನರು ಯಾರಿಗೂ ಇಷ್ಟು ಕರುಣೆ ತೋರಿದ್ದನ್ನು ಅವರು ಎಂದೂ ಕಂಡಿರಲಿಲ್ಲ. ಎಲೆಯ ಮುಂದಿನಿಂದ ಮೆಲ್ಲನೆ ಎದ್ದರು.

"ಕಾವಲಿನವರ ಜೊತೆ ನಾವೂ ಹೋಗುತ್ತೇವೆ. ನಮ್ಮ ಎಲೆ ಹೀಗೆಯೇ ಇರಲಿ. ನಾವು ಬರುವವರೆಗೆ ಈ ಪಂಕ್ತಿಯಿಂದ ಯಾರೂ ಏಳಕೂಡದು. ಪ್ರಧಾನರೇ, ತಾವೂ ಕುಳಿತುಕೊಳ್ಳಿ."

ಗಣಿಯಲ್ಲಿ ಅರಸರು ಕಂಡದ್ದನ್ನು ನಾನು ವಿಸ್ತರಿಸಿ ಹೇಳಲಾರೆ. ಮುನ್ನರಿಕೆ ಸಿಕ್ಕಿದ್ದರೂ ಬೊಪ್ಪಣಯ್ಯನವರು ಅಲ್ಲಿ ಏನನ್ನೂ ಬಚ್ಚಿಟ್ಟಿರಲಿಲ್ಲ. ಸ್ಥಾನಪತಿಗಳ ಮೌನ ಸಿಕ್ಕಿದ ಮೇಲೆ ಬಚ್ಚಿಡುವ ಶ್ರಮವೇಕೆ? ಹಬ್ಬದ ದಿನವೂ ಸುತ್ತಿಗೆಗಳು ನಿಂತಿರಲಿಲ್ಲ. ಕೋಳ ತೊಟ್ಟ ಜನ ಅರಸರನ್ನು ನೋಡಿಯೂ ನಿಲ್ಲಿಸಲಿಲ್ಲ, ಕಿರೀಟವಿಲ್ಲದವನನ್ನು ಅರಸನೆಂದು ತಿಳಿಯುವುದು ಹೇಗೆ? ಕಾವಲಿನವರು ಒಂದೊಂದೇ ಕೋಳ ಕಡಿಯುತ್ತಿರುವಾಗ ಕಂಚರಸರು ಒಂದು ಬಂಡೆಯ ಮೇಲೆ ಕುಳಿತು ಮುಖ ಮುಚ್ಚಿಕೊಂಡರು. ರೇಚಣ ಕುಂಟುತ್ತ, ಮುಖದಿಂದ ಮುಖಕ್ಕೆ ನೋಡುತ್ತ ನಡೆದ. ಸೋವವ್ವೆ ಕಡೆಯ ಸಾಲಿನಲ್ಲಿದ್ದಳು. ಅವಳು ಅವನನ್ನು ನೋಡಿದಳು. ಅವನು ಕೈ ಚಾಚಿದ. ಅವಳು ಪಕ್ಕದಲ್ಲಿದ್ದ ಹೆಸರರಿಯದ ಕಾವಲಿನವನ ತೋಳು ಹಿಡಿದು ಇಳಿದು ಹೋದಳು.

ಇಳಿಹೊತ್ತಿನಲ್ಲಿ ಅರಸರು ಗಣಿಯ ಜನರೆಲ್ಲರೊಂದಿಗೆ ಸತ್ರಕ್ಕೆ ಹಿಂದಿರುಗಿದರು. ಪಂಕ್ತಿ ಹಾಗೆಯೇ ಕುಳಿತಿತ್ತು. ಎಲೆಗಳಲ್ಲಿ ಅನ್ನ ತಣ್ಣಗಾಗಿ ಗಟ್ಟಿಯಾಗಿತ್ತು. ಬೊಪ್ಪಣಯ್ಯನವರ ಮುದ್ರೆಯುಂಗುರವನ್ನು ಅರಸರು ತಮ್ಮ ಕೈಯಾರೆ ಕಳಚಿಕೊಂಡರು. ಕಾವಲಿನವರು ಅವರನ್ನು ನಡೆಸಿಕೊಂಡು ಹೋಗುವಾಗ ಅವರು ರೇಚಣನ ಮುಂದೆ ಒಂದು ಗಳಿಗೆ ನಿಂತು, "ಅಂದು ನಿನ್ನನ್ನು ಅಲ್ಲೇ ಬಿಟ್ಟು ಬರಬೇಕಿತ್ತು," ಎಂದರು. ರೇಚಣ ತಲೆತಗ್ಗಿಸಿದ. ಅಷ್ಟಾದರೂ ಆ ಮನುಷ್ಯನ ಮೇಲೆ ಅವನಿಗೆ ಪ್ರೀತಿ ಸತ್ತಿರಲಿಲ್ಲ.

ಅರಸರು ಎಲ್ಲರೆದುರಿಗೆ ಘೋಷಿಸಿದರು: "ಈ ರಾಜ್ಯದಲ್ಲಿ ನಿಷ್ಠೆಯೆಂದರೆ ಏನೆಂದು ಇಂದು ರೇಚಣ ನಮಗೆ ಕಲಿಸಿದ್ದಾನೆ." ಈಶಾನಯ್ಯನವರು ಎಲ್ಲರಿಗಿಂತ ಮುಂದಾಗಿ ಬಂದು ಅವನ ಕೈ ಹಿಡಿದುಕೊಂಡರು. ಅವರ ಕಣ್ಣೀರು ನಿಜವಾದದ್ದೇ. "ಸಮಯದ ಮಾನ ಉಳಿಸಿದೆ, ಮಗನೇ. ನಮ್ಮ ಕಟ್ಟಳೆ ಗೆದ್ದಿತು," ಎಂದರು. ರೇಚಣ ತನ್ನ ಕೈಯನ್ನು ಬಿಡಿಸಿಕೊಂಡ.

ಗಣಿಯಿಂದ ಬಂದವರಿಗೆ ಹೊಸ ಪಂಕ್ತಿ ಹಾಕಲಾಯಿತು. ಬಿಸಿ ಅನ್ನ ಬಂತು. ಮೊದಲ ಎಲೆ ಸೋವವ್ವೆಯದು. ಅರಸರೇ ಅವಳನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ರೇಚಣ ಅನ್ನದ ಪಾತ್ರೆ ಹಿಡಿದು ಅವಳ ಮುಂದೆ ಬಾಗಿದ. ಅವಳು ತನ್ನ ಎಲೆಯ ಮೇಲೆ ಎರಡೂ ಕೈಗಳನ್ನು ಅಡ್ಡ ಹಿಡಿದಳು.

"ತಂಗೀ, ಬೀರ ಎಲ್ಲಿ?" ಎಂದು ಅವನು ಪಿಸುದನಿಯಲ್ಲಿ ಕೇಳಿದ. ಬಂದವರಲ್ಲೆಲ್ಲ ಅವನು ಆ ಹುಡುಗನನ್ನು ಹುಡುಕಿ ಸೋತಿದ್ದ.

"ನನ್ನನ್ನು ವಾಪಸು ತಂದ ದಿನ ಅವನನ್ನು ಎಲ್ಲರಿಗಿಂತ ಮೇಲಿನ ಬಂಡೆಗೆ ಹತ್ತಿಸಿದರು. ಅಕ್ಕ ದೂರು ಹೇಳಿದ್ದಕ್ಕೆ ಅಂತ ಕೂಗಿ ಹೇಳಿ ಹತ್ತಿಸಿದರು. ಬಂಡೆ ಜಾರಿತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೀವು ಒಳ್ಳೆಯವರು, ಅಣ್ಣಾ. ಎಲ್ಲರೂ ಹೇಳುತ್ತಿದ್ದಾರೆ, ನನಗೂ ಗೊತ್ತು. ಆದರೆ ನೀವು ಹೇಳುತ್ತೀರಿ ಅಂತ ಪ್ರಧಾನರಿಗೆ ಮೊದಲೇ ಹೇಳಿದಿರಿ. ಹಾಗೆ ಅವರ ಬಳಿ ಹೋಗುತ್ತೀರಿ ಅಂತ ನನಗೆ ಹೇಳಲಿಲ್ಲ. ಹೇಳಿದ್ದರೆ ಆ ದಿನವೇ ಇಲ್ಲಿಂದ ಓಡಿಹೋಗುತ್ತಿದ್ದೆ. ಬೀರ ಇರುತ್ತಿದ್ದ."

ರೇಚಣ ಅನ್ನದ ಪಾತ್ರೆಯನ್ನು ನೆಲದ ಮೇಲಿಟ್ಟ. ಸಟ್ಟುಗವನ್ನು ಅದರ ಮೇಲಿಟ್ಟು ಹಿಂದೆ ಸರಿದು ನಿಂತ. ಇನ್ನೊಬ್ಬ ಬಡಿಸುವವನು ಬಂದು ಪಾತ್ರೆಯನ್ನು ಎತ್ತಿಕೊಂಡ.

ಸೋವವ್ವೆ ಎಲೆಯ ಮೇಲಿಂದ ಕೈ ತೆಗೆದಳು.